ಅಕ್ಕನ ಮಾತು ಇದ್ದ ಡಬ್ಬಿ

ಪರದೆ ಬೆಳಗಿತು, ಎಂದಿನ ನೀಲಿ ಬಂತು, ಎಂದಿನ ಟಿಂಗ್ ಸದ್ದೂ ಬಂತು. ಅಕ್ಕನ ಮಾತು ಮಾತ್ರ ಬರಲಿಲ್ಲ. ದಿನಾ ಈ ಹೊತ್ತಿಗೆ ಹಳೆಯ ಕಂಪ್ಯೂಟರು ಮೈಮುರಿದು ಎದ್ದ ಕೂಡಲೇ ಅಕ್ಷರಗಳ ದೊಡ್ಡ ಚೌಕಗಳು ಪರದೆಯ ತುಂಬ ಹರಡಿಕೊಳ್ಳುತ್ತಿದ್ದವು, ಅವುಗಳ ಮೇಲೆ ಹಳದಿ ಬೆಳಕೊಂದು ಸಾಲಿನಿಂದ ಸಾಲಿಗೆ ಜಾರುತ್ತಿತ್ತು, ಬೇಕಾದ ಚೌಕಕ್ಕೆ ಬೆಳಕು ಬಂದಾಗ ಅಕ್ಕ ತನ್ನ ಬಲಗೈಯ ಹೆಬ್ಬೆರಳ ಕೆಳಗಿನ ಗುಂಡಿಯನ್ನು ಒತ್ತುತ್ತಿದ್ದಳು, ಆಗ ಯಂತ್ರದ ದನಿ ‘ಕಿಟಕಿ ತೆಗಿ’ ಎಂದೋ ‘ಈ ಶರಟು ನೀನು ನಿನ್ನೆಯೂ ಹಾಕಿದ್ದೆ’ ಎಂದೋ ಹೇಳುತ್ತಿತ್ತು. ಇವತ್ತು ಪರದೆಯ ನಡುವೆ ಒಂದು ಬೂದು ಚೌಕ ಬಂದು ನಿಂತಿತ್ತು. ಪದಭಂಡಾರ ಸಿಗುತ್ತಿಲ್ಲ ಎಂಬುದು ಅದರ ಒಕ್ಕಣೆ. ಕೆಳಗೆ ‘ಸರಿ’ ಎಂಬ ಗುಂಡಿ. ಏನು ಮಣ್ಣು ಸರಿ ಎಂದು ಮನಸ್ಸಿನಲ್ಲೇ ಬೈಯುತ್ತ ತಮ್ಮ ಅದನ್ನು ಒತ್ತಿದ. ಬೂದು ಚೌಕ ಹೋಯಿತು. ಅದರ ಹಿಂದೆ ಏನೂ ಇರಲಿಲ್ಲ.

ಅವನು ತಿರುಗಿ ನೋಡಲಿಲ್ಲ. ಬೆನ್ನ ಹಿಂದೆ, ತಲೆದೆಸೆ ಎತ್ತರಿಸಿದ ಮಂಚದ ಮೇಲೆ, ಅಕ್ಕ ತನ್ನನ್ನೇ ನೋಡುತ್ತಿದ್ದಾಳೆಂದು ಗೊತ್ತಿತ್ತು. ಊರಿನ ಅರ್ಧ ಮಕ್ಕಳಿಗೆ ಲೆಕ್ಕ ಕಲಿಸಿದ ಟೀಚರು ಅವಳು. ಹಲಗೆಯ ಕಡೆ ಮುಖ ಮಾಡಿದ್ದಾಗಲೂ ಹಿಂದಿನ ಬೆಂಚಿನ ಪಿಸುಮಾತು ಹಿಡಿಯುತ್ತಿದ್ದವಳು. ನರಗಳ ಕಾಯಿಲೆ ಒಂದೊಂದಾಗಿ ಕಾಲು, ಕೈ, ಕತ್ತು, ಕೊನೆಗೆ ನಾಲಿಗೆಯನ್ನೂ ಕಸಿದುಕೊಂಡ ಮೇಲೆ ಅವಳಿಗೆ ಉಳಿದದ್ದು ಒಂದು ಹೆಬ್ಬೆರಳು ಮತ್ತು ಆ ಕಣ್ಣುಗಳು. ಹೆಬ್ಬೆರಳಿಗೆ ಈ ಕಂಪ್ಯೂಟರು. ಅದೂ ಓಬೀರಾಯನ ಕಾಲದ್ದು, ಮಾತಾಡಿಸುವ ಆ ಪ್ರೋಗ್ರಾಮು ಹೊಸ ಯಂತ್ರಗಳಲ್ಲಿ ಓಡುವುದಿಲ್ಲವೆಂಬ ಒಂದೇ ಕಾರಣಕ್ಕೆ ಮನೆಯಲ್ಲಿ ಉಳಿದದ್ದು. ಅದರ ಹೊಟ್ಟೆ ಚಿಕ್ಕದು. ಅಕ್ಕ ಅಕ್ಷರ ಅಕ್ಷರ ಕೂಡಿಸಿ ಕಟ್ಟಿಟ್ಟ ವಾಕ್ಯಗಳೆಲ್ಲ, ಒಂದೇ ಸಲ ಒತ್ತಿದರೆ ಪೂರ್ತಿ ಹೊರಬೀಳುವ ಬೈಗುಳ, ತಮಾಷೆ, ವಿಚಾರಣೆ, ಥ್ಯಾಂಕ್ಸುಗಳೆಲ್ಲ, ಹೊರಗೆ ವೈರಿನಲ್ಲಿ ತೂಗಿಕೊಂಡಿದ್ದ ಕಪ್ಪು ಡ್ರೈವಿನಲ್ಲಿ ಇದ್ದವು. ಪದಭಂಡಾರವೆಂದರೆ ಅದೇ. ಸಾಬೂನಿನ ಡಬ್ಬಿಯಷ್ಟು ದೊಡ್ಡದು. ಈಗ ಅದರ ದೀಪ ಹತ್ತುತ್ತಿತ್ತು, ಆರುತ್ತಿತ್ತು. ಬಗ್ಗಿ ಕಿವಿಯಿಟ್ಟ. ಒಳಗೆ ಏನೋ ತಿರುಗಲು ಹೊರಟು, ಟಕ್ ಎಂದು ಸೋತು, ಮತ್ತೆ ಹೊರಡುತ್ತಿತ್ತು. ಹೊಸಲು ದಾಟಲಾರದ ಮುದುಕಿಯ ಹಾಗೆ. ನಿನ್ನೆ ಸಂಜೆ ಅದನ್ನು ಕಿತ್ತವನು ಅವನೇ.

ನಿನ್ನೆ ಸಂಜೆಯ ಊಟ ಯಾವತ್ತಿನಂತೆಯೇ ಶುರುವಾಗಿತ್ತು. ನುಣ್ಣಗೆ ಅರೆದ ಅನ್ನ, ಚಮಚದ ತುದಿಯಷ್ಟು, ಆಮೇಲೆ ಕಾಯುವುದು, ಗಂಟಲು ಇಳಿಯಿತೇ ಎಂದು ನೋಡುವುದು, ಮತ್ತೆ ಚಮಚದ ತುದಿಯಷ್ಟು. ನಡುವೆ ನೆತ್ತಿಗೇರಿತು. ಅಕ್ಕನ ಮುಖ ಕೆಂಪಾಗಿ, ಆಮೇಲೆ ಅವನು ಯೋಚಿಸಲು ಬಯಸದ ಇನ್ನೊಂದು ಬಣ್ಣಕ್ಕೆ ತಿರುಗಿ, ಬೆನ್ನು ತಟ್ಟಿ, ಬಗ್ಗಿಸಿ, ಒರೆಸಿ, ಉಸಿರು ಮರಳಿ ಬಂದಾಗ ಅವನು ಬಟ್ಟಲನ್ನು ದೂರ ಸರಿಸಿದ. ‘ನಾಳೆ ಡಾಕ್ಟರಮ್ಮ ಬಂದಾಗ ಟ್ಯೂಬಿಗೆ ಹ್ಞೂಂ ಅಂದುಬಿಡು ಅಕ್ಕ,’ ಎಂದಿದ್ದ. ‘ಹೊಟ್ಟೆಗೆ ಒಂದು ಸಣ್ಣ ಕೊಳವೆ. ಅಷ್ಟೇ. ಹೀಗೆ ದಿನಾ ಸತ್ತು ಹುಟ್ಟೋದು ತಪ್ಪುತ್ತೆ.’ ಹಳದಿ ಬೆಳಕು ಜಾರತೊಡಗಿತ್ತು. ಗುಂಡಿ ಟಕ್, ಟಕ್. ಅವಳು ಮಾತು ಕಟ್ಟುವಾಗ ಪರದೆ ನೋಡಬಾರದು, ಮುಗಿಯುವ ತನಕ ಕಾಯಬೇಕು ಎಂಬುದು ಇಬ್ಬರ ನಡುವಿನ ಮರ್ಯಾದೆ. ಅವನು ಬಟ್ಟಲು ನೋಡುತ್ತ ಕಾದ. ಆಮೇಲೆ ಯಂತ್ರ ಹೇಳಿತು: ‘ನಿನಗೆ ಉಣಿಸಿ ಉಣಿಸಿ ಸಾಕಾಗಿದೆ. ಅದಕ್ಕೇ ಟ್ಯೂಬು.’ ಆ ದನಿಗೆ ಸಿಟ್ಟಿಲ್ಲ, ಅಳುವಿಲ್ಲ. ಕಿಟಕಿ ತೆಗಿ ಎನ್ನುವ ಅದೇ ದನಿ. ಅಕ್ಕ ಮತ್ತೊಮ್ಮೆ ಒತ್ತಿದಳು. ‘ನಿನಗೆ ಉಣಿಸಿ ಉಣಿಸಿ ಸಾಕಾಗಿದೆ. ಅದಕ್ಕೇ ಟ್ಯೂ’ ಎನ್ನುವಷ್ಟರಲ್ಲಿ ಅವನ ಕೈ ವೈರಿನ ಮೇಲಿತ್ತು. ಯಂತ್ರದ ದನಿ ಬಾಯಿಗೆ ಬಟ್ಟೆ ತುರುಕಿದಂತೆ ನಿಂತಿತು. ಕೂಡಲೇ ವೈರನ್ನು ವಾಪಸು ಚುಚ್ಚಿದ್ದ, ನಿಜ. ಆದರೆ ಪ್ರೋಗ್ರಾಮನ್ನು ಮತ್ತೆ ಎಬ್ಬಿಸಲಿಲ್ಲ. ಕಂಪ್ಯೂಟರನ್ನೇ ಆರಿಸಿ, ‘ಮಲಗು ಇನ್ನು’ ಎಂದು ಹೊದಿಕೆ ಎಳೆದು, ಬಟ್ಟಲು ತೊಳೆಯಲು ಹೋಗಿದ್ದ. ಹುಟ್ಟಿದಾಗಿನಿಂದ ತನ್ನನ್ನು ಎತ್ತಿ ಆಡಿಸಿದವಳ ಬಾಯಿಯನ್ನು ಹೀಗೆ ಮುಚ್ಚಿಸಬಹುದು ಎಂಬುದು ಅವನಿಗೆ ಆ ಗಳಿಗೆಯ ತನಕ ಹೊಳೆದೇ ಇರಲಿಲ್ಲ.

ಈಗ ಕೆಟ್ಟ ಯಂತ್ರವನ್ನು ಹಾಗೇ ಬಿಟ್ಟು ಅಕ್ಕನಿಗೆ ಬೆಳಗಿನ ಊಟ ಉಣಿಸುವಾಗ ಇನ್ನೊಂದು ಸಂಗತಿ ನಡೆಯಿತು, ಅದು ನಿನ್ನೆಯದಕ್ಕಿಂತ ಕೆಟ್ಟದ್ದೆಂದು ಅವನಿಗೆ ಅನ್ನಿಸಿತು. ಕೆಟ್ಟದ್ದು ಏನೂ ನಡೆಯಲಿಲ್ಲ ಎಂಬುದೇ ಆ ಸಂಗತಿ. ಚಮಚ ಓರೆಯಾಯಿತು, ಯಾರೂ ಏನೂ ಅನ್ನಲಿಲ್ಲ. ಗಲ್ಲದ ಮೇಲೆ ಒಂದು ಗೆರೆ ಹರಿಯಿತು, ಅವನಾಗಿಯೇ ಒರೆಸಿದ. ಹಕ್ಕಿಯೊಂದು ಕಿಟಕಿಯ ಸರಳಿನ ಮೇಲೆ ಕೂತು ಹಾರಿತು, ಅದರ ಬಗ್ಗೆ ಟೀಕೆ ಬರಲಿಲ್ಲ. ಬಟ್ಟಲು ಬೇಗ ಖಾಲಿಯಾಯಿತು. ಹಗುರವಾಗಿತ್ತು. ಶಾಲೆಗೆ ರಜೆ ಎಂದು ಎಚ್ಚರವಾದ ಬೆಳಗಿನಂಥ ಹಗುರ. ಅದು ಎದೆಯಲ್ಲಿ ಹರಡುತ್ತಿದ್ದುದನ್ನು ಅವನು ಗಮನಿಸಿದ, ಮತ್ತು ಗಮನಿಸಿದ್ದೇ ಅದು ಕಲ್ಲಾಯಿತು. ಅಕ್ಕನ ಕಣ್ಣು ಅವನ ಮುಖದಿಂದ ಇಳಿದು ತನ್ನ ಕಾಲಿನ ಕಡೆ ಹೋಯಿತು, ಮತ್ತೆ ಅವನ ಕಡೆ, ಮತ್ತೆ ಕಾಲಿನ ಕಡೆ. ‘ಕಾಲು ನೋಯ್ತಿದೆಯಾ?’ ಎಂದು ಕೇಳಿದ. ಕಣ್ಣು ಮೇಲೆತ್ತಿದರೆ ಹೌದು, ಮುಚ್ಚಿದರೆ ಇಲ್ಲ. ಮುಚ್ಚಿದಳು. ‘ಚಳಿನಾ? ಇನ್ನೊಂದು ಹೊದಿಕೆ?’ ಮುಚ್ಚಿದಳು. ‘ಕಾಲು ತಿರುಗಿಸಿಡ್ಲಾ?’ ಮುಚ್ಚಿ, ಈ ಸಲ ಬೇಗ ತೆರೆಯಲಿಲ್ಲ. ತನಗೆ ಕೇಳಲು ಬಂದ ಪ್ರಶ್ನೆಗಳಷ್ಟೇ ಅವಳ ಪಾಲಿಗೆ ಈಗ ಇರುವ ಮಾತು ಎಂದು ಅವನಿಗೆ ಹೊಳೆಯಿತು. ತನಗೆ ಬರುವ ಪ್ರಶ್ನೆಗಳಾದರೂ ಎಷ್ಟು?

ಅಲ್ಲಿಂದ ಮುಂದೆ ಅವನು ಮಾಡಿದ್ದೆಲ್ಲ ಹುಚ್ಚರ ಸಂತೆ. ಕಂಪ್ಯೂಟರನ್ನು ಆರಿಸಿದ, ಹೊತ್ತಿಸಿದ. ಡ್ರೈವಿನ ವೈರನ್ನು ಮುಂದಿನ ಒಂದು ಕಿಂಡಿಯಿಂದ ತೆಗೆದು ಪಕ್ಕದ ಕಿಂಡಿಗೆ ಹಾಕಿದ. ಊದಿದ. ಶರಟಿನ ಅಂಚಿನಿಂದ ಒರೆಸಿದ. ಡ್ರೈವು ಒಮ್ಮೆ ಪರದೆಯ ಮೇಲೆ ತಲೆಹಾಕಿದ ಹಾಗಾಯಿತು, ಇನ್ನು ಹೋದೀತೆಂದು ಒಳಗಿರುವುದನ್ನಾದರೂ ನಕಲು ತೆಗೆದಿಟ್ಟುಕೊಳ್ಳೋಣವೆಂದು ತನ್ನ ಬೀಗದ ಕೈಗೊಂಚಲಿನ ಪೆನ್‌ಡ್ರೈವನ್ನು ಹಿಂದೆಲ್ಲೋ ತಡಕಾಡಿ ಚುಚ್ಚಿದ. ಅಷ್ಟರಲ್ಲಿ ಡ್ರೈವು ಮತ್ತೆ ಮಾಯ. ಪ್ರಿಂಟರಿನ ವೈರು ಕಿತ್ತ. ಮೌಸಿನ ವೈರನ್ನೂ ಕಿತ್ತು, ಮೌಸಿಲ್ಲದೆ ಏನೂ ಮಾಡಲಾಗದೆ ಮತ್ತೆ ಹಾಕಿದ. ಕಂಪ್ಯೂಟರು ಪ್ರತಿ ಸಲವೂ ಅದೇ ಸೌಜನ್ಯದಿಂದ ಹೇಳುತ್ತಿತ್ತು: ಪದಭಂಡಾರ ಸಿಗುತ್ತಿಲ್ಲ. ಸರಿ.

ಹಗಲು ಹೊತ್ತು ಅಕ್ಕನನ್ನು ನೋಡಿಕೊಳ್ಳುವ ದಾದಿ ಚಪ್ಪಲಿ ಬಿಡುತ್ತಲೇ, ‘ಏನಣ್ಣಾ ಇದು, ಮನೆ ತುಂಬ ವೈರು? ಅಂಗಡಿ ತೆಗೀಲಿಲ್ವಾ ಇವತ್ತು?’ ಎಂದಳು. ಅವನದು ಕನ್ನಡಕದ ಅಂಗಡಿ. ಮೂಲೆ ತಿರುವಿನಲ್ಲಿ ಒಂದು ಬಾಗಿಲಿನದ್ದು.

‘ಇದು ಮಾತಾಡ್ತಿಲ್ಲ.’

‘ಅಯ್ಯೋ, ನಿನ್ನೆ ನಾನು ಹೊರಡೋವಾಗ ಚೆನ್ನಾಗೇ ಬೈತಿದ್ರಲ್ಲ ಅಮ್ಮಾವ್ರು! ಏನಾಯ್ತು?’

‘ಹಳೇ ಮಷೀನು. ತಾನಾಗೇ ಕೆಟ್ಟಿದೆ.’ ಹೇಳಿದವನು, ಹೇಳಬಾರದಿದ್ದರೂ, ಅಕ್ಕನ ಕಡೆ ನೋಡಿಬಿಟ್ಟ. ಅಕ್ಕ ಕಣ್ಣು ಮುಚ್ಚಿದಳು. ಅದು ‘ಇಲ್ಲ’ವೋ, ಬರಿಯ ರೆಪ್ಪೆ ಬಡಿತವೋ, ನಾಚಿಕೆಯೋ. ಯಾರ ಪರವಾಗಿ ನಾಚಿಕೆ? ಅವನ ಕಿವಿ ಬಿಸಿಯಾಯಿತು. ಚಿಕ್ಕಂದಿನಲ್ಲಿ ಸುಳ್ಳು ಹೇಳಿದಾಗ ಅವಳು ಕಿವಿ ಹಿಂಡುವ ಮೊದಲೇ ಹೀಗೆ ಬಿಸಿಯಾಗಿ ಜಾಗ ತೋರಿಸಿಕೊಡುತ್ತಿತ್ತು.

ದಾದಿ ಬಿಸಿನೀರು ಹದ ಮಾಡುತ್ತ ಸಮಾಧಾನ ಹೇಳಿದಳು. ‘ಬಿಡಿ ಅಣ್ಣಾ, ಇವತ್ತು ಡಾಕ್ಟರಮ್ಮ ಬಂದ್ರೆ ಅಮ್ಮಾವ್ರು ಕಣ್ಣಲ್ಲೇ ಹೌದು ಅಲ್ಲ ಅಂತಾರೆ. ಅದೂ ಆಗ್ಲಿಲ್ಲ ಅಂದ್ರೆ ನೀವೇ ಹೇಳಿ. ಒಡಹುಟ್ಟಿದವರು, ನಿಮ್ಮ ಮಾತು ನಡೆಯುತ್ತೆ.’

ನೀವೇ ಹೇಳಿ. ಅವಳು ಬಟ್ಟೆ ಅದ್ದಿ ಹಿಂಡಿ ಅಕ್ಕನ ಮುಖ ಒರೆಸುತ್ತಿದ್ದಳು, ಮಾತು ಅವಳ ಬಾಯಿಂದ ನೀರಿನಷ್ಟೇ ಸಲೀಸಾಗಿ ಜಾರಿತ್ತು. ಅದು ಅವನೊಳಗೆ ಹೋಗಿ ಕೂತಿತು. ಹೇಳಬಹುದು. ಡಾಕ್ಟರಮ್ಮ ಅವಸರದವಳು. ಯಂತ್ರ ಕೆಟ್ಟಿದೆ, ಅಕ್ಕನಿಗೆ ಒಪ್ಪಿಗೆ ಇದೆ, ನಿನ್ನೆ ರಾತ್ರಿಯೇ ಮಾತಾಡಿಕೊಂಡೆವು ಎಂದರೆ ಮುಗಿಯಿತು. ಅಕ್ಕನ ಒಳ್ಳೆಯದಕ್ಕೇ. ನೆತ್ತಿಗೇರುವುದು ನಿಲ್ಲುತ್ತದೆ, ಮೈ ತೂಕ ಇಳಿಯುವುದು ನಿಲ್ಲುತ್ತದೆ. ಪ್ರತಿ ತುತ್ತಿಗೂ ಅವಳ ಗಂಟಲನ್ನೇ ನೋಡುತ್ತ ಕೂರುವುದೂ ತಪ್ಪುತ್ತದೆ. ಹೌದು, ಸಾಕಾಗಿದೆ. ಅಕ್ಕ ಹೇಳಿದ್ದು ಸುಳ್ಳಾಗಿದ್ದರೆ ಅವನು ನಕ್ಕುಬಿಡುತ್ತಿದ್ದ. ವೈರಿಗೆ ಯಾಕೆ ಕೈ ಹಾಕುತ್ತಿದ್ದ? ಲೆಕ್ಕದ ಟೀಚರು ಲೆಕ್ಕ ತಪ್ಪಿರಲಿಲ್ಲ, ಒಂದು ಸಂಖ್ಯೆ ಮಾತ್ರ ಬಿಟ್ಟಿದ್ದಳು. ಸಾಕಾಗಿದ್ದವನಿಗೇ ಭಯವೂ ಆಗಿತ್ತು. ಎರಡೂ ಒಂದೇ ಚಮಚದಲ್ಲಿ ಇದ್ದವು. ಅದನ್ನು ಬಿಡಿಸಿ ಹೇಳಲು ಅವನಿಗೆ ಬಾಯಿ ಬಂದಿರಲಿಲ್ಲ, ಬಾಯಿಲ್ಲದವಳ ಬಾಯಿ ಮುಚ್ಚಿಸಲು ಕೈ ಬಂದಿತ್ತು. ಈಗ ಈ ಡಬ್ಬಿ ನಿಜಕ್ಕೂ ಸತ್ತಿದ್ದರೆ ತಾನು ಬಯಸಿದ್ದೇ ಆಯಿತಲ್ಲವೆ? ಬಯಸಿದ್ದೆನೆ? ಅವನು ಥಟ್ಟನೆ ಎದ್ದು, ಡ್ರೈವನ್ನೂ ಅದರ ವೈರನ್ನೂ ಕನ್ನಡಕ ಒರೆಸುವ ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ, ‘ಈಗ ಬಂದೆ’ ಎಂದು ಯಾರಿಗೂ ಅಲ್ಲದೆ ಹೇಳಿ, ಮೆಟ್ಟಿಲು ಇಳಿದ.

ಬೀದಿಯಲ್ಲಿ ಅದನ್ನು ಎರಡೂ ಕೈಯಲ್ಲಿ ಹಿಡಿದು ಮೊಟ್ಟೆ ಒಯ್ಯುವವನ ಹಾಗೆ ನಡೆದ. ಸೈಕಲಿನವನೊಬ್ಬ ಹತ್ತಿರ ಬಂದರೆ ಗೋಡೆಗೆ ಒರಗಿದ. ತನ್ನ ಅಂಗಡಿಯ ಮುಂದೆಯೇ ಹಾದು ಹೋಗಬೇಕು. ಮುಚ್ಚಿದ ಬಾಗಿಲ ಮುಂದೆ ಒಬ್ಬ ಗಿರಾಕಿ ಒಡೆದ ಕನ್ನಡಕವನ್ನು ಕಣ್ಣಿಗೆ ಹಿಡಿದುಕೊಂಡು ಬೀಗವನ್ನು ಓದಲು ಯತ್ನಿಸುತ್ತಿದ್ದ. ಅವನು ತಲೆ ತಗ್ಗಿಸಿ ದಾಟಿದ. ಕಂಪ್ಯೂಟರ್ ರಿಪೇರಿಯ ಅಂಗಡಿ ಔಷಧದ ಅಂಗಡಿಯ ಪಕ್ಕ, ಅಗಲ ಕಡಿಮೆ ಉದ್ದ ಜಾಸ್ತಿ, ರೈಲು ಡಬ್ಬಿಯಂಥದ್ದು. ಒಳಗೆ ಸೀಸ ಕರಗಿದ ವಾಸನೆ. ಇಬ್ಬರು ಗಿರಾಕಿಗಳು ಬೆಂಚಿನ ಮೇಲೆ ತಮ್ಮ ತಮ್ಮ ಯಂತ್ರಗಳನ್ನು ಮಡಿಲಲ್ಲಿ ಇಟ್ಟುಕೊಂಡು, ಡಾಕ್ಟರ ಬಳಿ ಮಗುವನ್ನು ತಂದ ತಾಯಂದಿರಂತೆ ಕೂತಿದ್ದರು.

‘ಯಾವ ಕಾಲದ ಕಂಪ್ಯೂಟರ್ ಸಾರ್ ಇದು?’ ಅವನು ಹೇಳಿದ್ದನ್ನು ಕೇಳಿ ರಿಪೇರಿಯವನು ಹುಬ್ಬೇರಿಸಿದ. ‘ಇನ್ನೂ ಉಸಿರಾಡ್ತಿದೆಯಾ? ಬಿಸಾಕಿ ಒಂದು ಹೊಸದು ತಗೊಳ್ಳಿ.’ ಬೆಂಚಿನವರು ನಕ್ಕರು. ಅವನೂ ನಕ್ಕ, ನಗಬೇಕೆನ್ನಿಸಿದ್ದಕ್ಕಲ್ಲ.

‘ಕೆಳಗೆ ಬಿತ್ತಾ? ಓಡ್ತಿರೋವಾಗ ಕಿತ್ರಾ?’

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ‘ಕಿತ್ತೆ,’ ಎಂದ. ‘ಸಿಟ್ಟಲ್ಲಿ ಕಿತ್ತೆ.’

ರಿಪೇರಿಯವನು ಅವನ ಮುಖವನ್ನು ಒಮ್ಮೆ ನೋಡಿ, ಬಟ್ಟೆ ಬಿಚ್ಚಿ ಡ್ರೈವನ್ನು ತನ್ನ ಯಂತ್ರಕ್ಕೆ ಚುಚ್ಚಿದ. ಔಷಧದ ಅಂಗಡಿಯಲ್ಲಿ ಯಾರೋ ಚಿಲ್ಲರೆಗೆ ಜಗಳವಾಡುತ್ತಿದ್ದರು. ದೀಪ ಹತ್ತಿತು. ಆರಲಿಲ್ಲ. ಒಳಗಿನ ತಿರುಗಣೆ ಎದ್ದು, ಹೊಸಲು ದಾಟಿ, ಒಂದೇ ಸಮನೆ ಗುಂಯ್ ಎನ್ನತೊಡಗಿತು. ‘ಇಲ್ಲಿದೆಯಲ್ಲ ಎಲ್ಲಾ,’ ಎಂದ ರಿಪೇರಿಯವನು. ಡ್ರೈವು ತಂದವನು ಕಟ್ಟೆಯ ಮೇಲೆ ಬಗ್ಗಿ ನೋಡಿದ. ಪರದೆಯ ತುಂಬ ಸಾಲು ಸಾಲು. ‘ಏನ್ಸಾರ್ ಇದು, ನಾಟಕ ಬರೀತೀರಾ?’ ಎನ್ನುತ್ತ ರಿಪೇರಿಯವನು ಗಟ್ಟಿಯಾಗಿ ಓದಿದ: ‘ಪುಟ್ಟಾ, ಚಮಚ ಬಾಯಿಗೆ, ಮೂಗಿಗಲ್ಲ.’ ಬೆಂಚಿನವರು ತಲೆಯೆತ್ತಿದರು. ‘ಪುಟ್ಟಾ, ನಿನ್ನ ಉಗುರಿಗೆ ಒಂದು ಗತಿ ಕಾಣಿಸು. ಪುಟ್ಟಾ, ನೀನು ಹಾಡ್ಬೇಡ, ನನಗೆ ಕಿವಿ ಮುಚ್ಕೊಳ್ಳೋಕೆ ಆಗಲ್ಲ. ದಾದಿಯವರೇ, ನಿಮ್ಮ ಕೈ ಬೆಚ್ಚಗಿದೆ, ಥ್ಯಾಂಕ್ಸ್.’ ಒಬ್ಬ ಗಿರಾಕಿ ನಕ್ಕು ಕೆಮ್ಮಿದ. ‘ಯಾರು ಸಾರ್ ಪುಟ್ಟ?’

‘ನಾನೇ,’ ಎಂದ, ತಲೆ ನರೆತವನು. ಕಿವಿ ಮತ್ತೆ ಬಿಸಿಯಾಯಿತು. ಆದರೆ ಈ ಬಿಸಿಯಲ್ಲಿ ಇನ್ನೇನೋ ಬೆರೆತಿತ್ತು. ಅಪರಿಚಿತನ ಒರಟು ದನಿಯಲ್ಲಿ ಬಂದರೂ ಅದು ಅಕ್ಕನೇ. ಯಂತ್ರದ ಒಂದೇ ಸಮನೆಯ ದನಿಯಲ್ಲಿ ಕೇಳಿ ಕೇಳಿ ಅವನಿಗೆ ಬರಿಯ ಆಜ್ಞೆಗಳಾಗಿ ಕಾಣುತ್ತಿದ್ದ ವಾಕ್ಯಗಳೊಳಗೆ ನಗು ಇತ್ತು. ಬೇರೆಯವನು ನಕ್ಕಾಗ ಕಾಣಿಸಿತು. ‘ನಮ್ಮಕ್ಕ ಮಾತಾಡೋದು ಇದರಲ್ಲೇ,’ ಎಂದು ವಿವರಿಸಿದ. ರಿಪೇರಿಯವನು ಪರದೆಯನ್ನು ಮುಚ್ಚಿ, ಒಳಗಿದ್ದುದಕ್ಕೆಲ್ಲ ಒಂದು ನಕಲು ತನ್ನಲ್ಲಿ ಇರಿಸಿಕೊಳ್ಳಲೇ ಎಂದು ಕೇಳಿ, ಹ್ಞೂಂ ಅನ್ನಿಸಿಕೊಂಡು, ಡ್ರೈವನ್ನು ಈಗ ತಾನೂ ಎರಡು ಕೈಯಲ್ಲಿ ಹಿಡಿದು ವಾಪಸು ಕೊಟ್ಟ.

‘ನೀವು ಕಿತ್ತಿದ್ದಕ್ಕೆ ಏನೂ ಆಗಿಲ್ಲ ಸಾರ್. ನಿಮ್ಮ ಮಷೀನು ಮುದುಕ, ಇದಕ್ಕೆ ಕರೆಂಟು ಸಾಲ್ತಿಲ್ಲ. ತಿರುಗೋ ಡಿಸ್ಕಿಗೆ ಕಮ್ಮಿ ಸಾಕು, ಮಲಗಿರೋದು ಏಳೋಕೆ ಜಾಸ್ತಿ ಬೇಕು. ಹೊಸದಾಗಿ ಬೇರೇನಾದ್ರೂ ಚುಚ್ಚಿದ್ದೀರಾ ಅದಕ್ಕೆ? ಅದನ್ನ ತೆಗೀರಿ. ಇದನ್ನ ಮುಂದ್ಗಡೆ ಹಾಕ್ಬೇಡಿ, ಹಿಂದ್ಗಡೆ ಹಾಕಿ.’

ಹೊಸದಾಗಿ ಏನೂ ಚುಚ್ಚಿಲ್ಲ ಎಂದುಕೊಳ್ಳುತ್ತಲೇ ಮನೆಗೆ ಬಂದ. ಏದುಸಿರು. ದಾದಿ ಅಕ್ಕನ ಕೂದಲು ಬಾಚುತ್ತಿದ್ದಳು. ಅವನು ಮೇಜಿನ ಕೆಳಗೆ ನುಸುಳಿ, ಧೂಳಿನ ಉಂಡೆಗಳ ನಡುವೆ, ಕಂಪ್ಯೂಟರಿನ ಬೆನ್ನನ್ನು ಬೆರಳಲ್ಲಿ ತಡವಿದ. ಪರದೆಯದ್ದು, ಮೌಸಿನದ್ದು, ಗುಂಡಿಯದ್ದು. ಇನ್ನೊಂದು ಬಿಳಿ ವೈರು. ಇದು ಎಲ್ಲಿಯದು? ಹಿಡಿದುಕೊಂಡು ಹೊರಟ. ಅದು ಗೋಡೆಯ ಬುಡದಲ್ಲಿ ತೆವಳಿ, ಮಂಚದ ಕಾಲು ಸುತ್ತಿ, ಹೊದಿಕೆಯ ಅಂಚಿನ ಹಿಂದೆ ಮೇಲೇರಿ, ಅಕ್ಕನ ಪಾದಗಳ ಬಳಿ ಮುಗಿಯಿತು. ಅಲ್ಲಿ ಅಂಗೈಯಗಲದ ಒಂದು ಪುಟ್ಟ ಫ್ಯಾನು ತನ್ನಷ್ಟಕ್ಕೆ ತಿರುಗುತ್ತಿತ್ತು. ಕಂಪ್ಯೂಟರಿನ ಗೊರಗೊರದಲ್ಲಿ ಅದರ ಸದ್ದು ಮುಳುಗಿಹೋಗಿತ್ತು.

‘ಇದನ್ನ ಯಾರು ಹಾಕಿದ್ದು?’

‘ನಾನೇ ಅಣ್ಣಾ,’ ದಾದಿಯ ಬಾಚಣಿಗೆ ನಿಂತಿತು. ‘ನಿನ್ನೆ ಮಧ್ಯಾಹ್ನ. ಪಾದ ಉರಿ ಅಂತ ಅಮ್ಮಾವ್ರೇ ಹೇಳಿದ್ರು. ನನ್ನ ಮಗಳದ್ದು, ತಂದುಕೊಟ್ಟೆ. ಕಂಪ್ಯೂಟರಿಗೇ ಚುಚ್ಚಬಹುದು ಅಂತ ಡಬ್ಬಿ ಮೇಲೇ ಇತ್ತು. ತಪ್ಪಾಯ್ತಾ?’

ಅವನು ನೆಲದ ಮೇಲೆ ಹಾಗೇ ಕೂತುಬಿಟ್ಟ. ನಿನ್ನೆ ಮಧ್ಯಾಹ್ನ. ಅಂದರೆ ಡಿಸ್ಕು ಆಗಲೇ ತಿರುಗುತ್ತಿತ್ತು, ಅದಕ್ಕೇ ಸಂಜೆಯ ತನಕ ನಡೆಯಿತು. ಅವನು ಕಿತ್ತರೂ ಕೀಳದಿದ್ದರೂ, ಇಬ್ಬರೂ ಜಗಳವಾಡದೆ ನಕ್ಕು ಮಲಗಿದ್ದರೂ, ಇವತ್ತು ಬೆಳಿಗ್ಗೆ ಇದೇ ಬೂದು ಚೌಕ ಇದೇ ಜಾಗದಲ್ಲಿ ಬಂದು ನಿಲ್ಲುತ್ತಿತ್ತು. ‘ಏನೂ ತಪ್ಪಿಲ್ಲ,’ ಎಂದ, ಮತ್ತು ದಾದಿ ಗಾಬರಿಯಾಗುವಷ್ಟು ಜೋರಾಗಿ ನಕ್ಕ. ‘ಏನೂ ತಪ್ಪಿಲ್ಲ ತಾಯೀ, ಯಾರದ್ದೂ ಏನೂ ತಪ್ಪಿಲ್ಲ.’ ಎರಡನೆಯ ಸಲ ಹೇಳುವಾಗ ನಗು ಸ್ವಲ್ಪ ಸೊರಗಿತು, ಯಾಕೆಂದರೆ ಕೈ ಹಾಕಿದ್ದು ಕೈ ಹಾಕಿದ್ದೇ; ಡಿಸ್ಕು ಕೆಡಲಿಲ್ಲವೆಂಬುದು ಡಿಸ್ಕಿನ ಪುಣ್ಯ. ಆದರೂ ಎದೆಯ ಮೇಲಿನ ಚಪ್ಪಡಿ ಒಂದು ಬದಿಯಲ್ಲಿ ಎದ್ದಿತ್ತು, ಅಡಿಯಲ್ಲಿ ಗಾಳಿಯಾಡುತ್ತಿತ್ತು.

ಫ್ಯಾನಿನ ವೈರು ತೆಗೆದ. ಆ ಜಾಗಕ್ಕೇ ಡ್ರೈವಿನ ವೈರು ಹಾಕಿದ. ದೀಪ ಹತ್ತಿತು, ನಿಂತಿತು. ಒಳಗಿನಿಂದ ಗುಂಯ್. ಮೊಣಕಾಲಿನ ಮೇಲೆಯೇ ತೆವಳಿ ಬಂದು ಪರದೆ ನೋಡಿದ. ಕಂಪ್ಯೂಟರು ಟಿಂಗ್ ಎಂದಿತು. ಬೂದು ಚೌಕ ಬಂತು. ಪದಭಂಡಾರ ಸಿಗುತ್ತಿಲ್ಲ. ಸರಿ.

ಗಡಿಯಾರ ನೋಡಿದ. ಡಾಕ್ಟರಮ್ಮ ಬರುವ ಹೊತ್ತು ದೂರವಿರಲಿಲ್ಲ. ಕೈ ತಾನಾಗಿ ಮತ್ತೆ ವೈರುಗಳ ಕಡೆ ಹೋಯಿತು, ಎಲ್ಲವನ್ನೂ ಕಿತ್ತು ಎಲ್ಲವನ್ನೂ ಬೇರೆ ಬೇರೆ ಕಡೆ ಹಾಕಬೇಕೆಂಬ ಅದೇ ಹುಚ್ಚು. ಅವನು ಆ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಮಡಿಲಲ್ಲಿ ಕೂರಿಸಿದ. ಅಂಗಡಿಯಲ್ಲಿ ಅವನು ಹೀಗೆ ಮಾಡುತ್ತಾನೆಯೆ? ಗಿರಾಕಿಯ ಮೂಗಿನ ಮೇಲೆ ಕಣ್ಣು ಪರೀಕ್ಷೆಯ ಆ ಭಾರದ ಚೌಕಟ್ಟು ಕೂರಿಸಿ, ಒಂದು ಗಾಜು ಹಾಕಿ, ಈಗ ಹೇಗಿದೆ ಎಂದು ಕೇಳಿ, ಅದನ್ನು ತೆಗೆದು ಇನ್ನೊಂದು ಹಾಕಿ, ಈಗ ಹೇಗಿದೆ? ಎರಡು ಗಾಜು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಮಸುಕಾಯಿತೆಂದು ದೇವರಿಗೂ ಗೊತ್ತಾಗುವುದಿಲ್ಲ. ಬೆಳಿಗ್ಗೆಯಿಂದ ತಾನು ಏನೇನು ಬದಲಿಸಿದೆ? ಪ್ರಿಂಟರು ತೆಗೆದೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಇರಲಿ. ಡ್ರೈವಿನ ಜಾಗ ಬದಲಿಸಿದೆ. ಇನ್ನೇನು? ಪರದೆಯ ಮೇಲೆ ಡ್ರೈವುಗಳ ಪಟ್ಟಿ ತೆರೆದು ನೋಡಿದ. ಒಂದೊಂದು ಡ್ರೈವಿಗೂ ಕಂಪ್ಯೂಟರು ಗುರುತಿಗೆಂದು ಒಂದು ಇಂಗ್ಲಿಷ್ ಅಕ್ಷರ ಕೊಟ್ಟಿರುತ್ತದೆ. ಅಕ್ಕನ ಡ್ರೈವು ಅಲ್ಲೇ ಇತ್ತು, ಜೀವಂತ, ಆದರೆ ಎಂದಿನ ಅಕ್ಷರದ ಎದುರಿಗಲ್ಲ, ಅದರ ಮುಂದಿನ ಅಕ್ಷರದ ಎದುರಿಗೆ. ಎಂದಿನ ಅಕ್ಷರದ ಎದುರಿಗೆ ಬೇರೆ ಯಾರೋ ಕೂತಿದ್ದರು. ಅವನ ಪೆನ್‌ಡ್ರೈವು! ಬೆಳಿಗ್ಗೆ ಗಾಬರಿಯಲ್ಲಿ ಹಿಂದೆಲ್ಲೋ ಚುಚ್ಚಿ ಮರೆತದ್ದು. ಬಸ್ಸಿನಲ್ಲಿ ಅಕ್ಕ ಎದ್ದು ಹೋದ ಗಳಿಗೆಯಲ್ಲಿ ಅವಳ ಸೀಟಿನಲ್ಲಿ ಕೂತ ಹಾಗೆ ಕೂತುಬಿಟ್ಟಿತ್ತು. ಮಾತಿನ ಪ್ರೋಗ್ರಾಮು ಹಳೆಯ ಸೀಟಿಗೇ ಹೋಗಿ, ಅಲ್ಲಿ ಗುರುತಿಲ್ಲದ ಮುಖ ನೋಡಿ, ಸಿಗುತ್ತಿಲ್ಲ ಎಂದು ವಾಪಸಾಗುತ್ತಿತ್ತು. ಪೆನ್‌ಡ್ರೈವನ್ನು ಮೊದಲು ಪರದೆಯಲ್ಲಿ ವಿದಾಯ ಹೇಳಿ, ಆಮೇಲೆ, ನಿಧಾನವಾಗಿ, ಕಿತ್ತ. ಅಕ್ಕನ ಡ್ರೈವಿಗೆ ಅದರ ಹಳೆಯ ಅಕ್ಷರವನ್ನು ಹುಡುಕಿ ಕೊಟ್ಟ. ಒಂದೇ ಗಾಜು. ಈಗ ಹೇಗಿದೆ?

ಅಕ್ಷರಗಳ ಚೌಕಗಳು ಪರದೆಯ ತುಂಬ ಅರಳಿದವು. ಹಳದಿ ಬೆಳಕು ಮೊದಲ ಸಾಲಿನಲ್ಲಿ ಜಾರಿತು. ದಾದಿ ಗುಂಡಿಯನ್ನು ಅಕ್ಕನ ಹೆಬ್ಬೆರಳ ಕೆಳಗೆ ಸರಿಪಡಿಸಿದಳು. ಅವನು ಮಂಚದ ಪಕ್ಕ ನಿಂತು, ಮರ್ಯಾದೆಗೆ ತಕ್ಕಂತೆ ಪರದೆ ನೋಡದೆ, ನೆಲ ನೋಡುತ್ತ ಕಾದ. ಟಕ್. ಬರಲಿ, ನಿನ್ನೆಯ ವಾಕ್ಯದ ಬಾಕಿ ತುಂಡೇ ಬರಲಿ. ಕೇಳುತ್ತೇನೆ. ಟಕ್. ಎರಡು ಸಲ ಬರಲಿ. ಟಕ್.

‘ಬೆನ್ನು,’ ಎಂದಿತು ಯಂತ್ರ.

‘ಏನು?’

‘ಕೆರಿ. ಎಡಗಡೆ. ಬೆಳಿಗ್ಗೆಯಿಂದ.’

ಅವನು ಕೈ ತೂರಿಸಿ ಕೆರೆದ. ಮೇಲೆ, ಇನ್ನೂ ಮೇಲೆ, ಅಲ್ಲಿ. ಅಕ್ಕನ ಕಣ್ಣುಗಳು ಮೇಲೇರಿ ಅಲ್ಲೇ ನಿಂತವು: ಹೌದು, ಹೌದು, ಹೌದು. ತಾನು ಬೆಳಗಿನಿಂದ ಪಾಪ ಪುಣ್ಯಗಳ ತಕ್ಕಡಿ ಹಿಡಿದು ಬೀದಿ ಸುತ್ತುತ್ತಿದ್ದಾಗ ಅವಳು ಇಲ್ಲಿ ಒಂದು ತುರಿಕೆಯ ಜೊತೆ ಒಬ್ಬಳೇ ಹೋರಾಡುತ್ತಿದ್ದಳು. ಕೆರೆದು ಮುಗಿದ ಮೇಲೆ ಮತ್ತೆ ಟಕ್ ಟಕ್. ಈ ಸಲ ತುಂಬ ಹೊತ್ತು. ‘ಬಾಯಿ ಬಡ್ಕೊಳ್ಳೋಕೆ ಬಾಯಿಲ್ಲ. ಕಣ್ಣು ಬಡ್ಕೊಂಡೆ. ಫ್ಯಾನು ಫ್ಯಾನು ಅಂತ.’

ದಾದಿ ಬಾಯಿಗೆ ಸೆರಗು ಹಿಡಿದು ನಕ್ಕಳು. ‘ಕಾಲು ನೋಡ್ತಿದ್ದೀಯ ಅಂದ್ಕೊಂಡೆ,’ ಎಂದ ಅವನು. ‘ಗೊತ್ತು,’ ಎಂದಿತು ಯಂತ್ರ. ಅದು ಕಟ್ಟಿಟ್ಟ ಮಾತು, ಒಂದೇ ಟಕ್ಕಿಗೆ ಬರುವಂಥದ್ದು, ಬೇಕಾದದ್ದಕ್ಕೆಲ್ಲ ಅವಳು ಬಳಸುವಂಥದ್ದು. ಅವನು ದಾದಿ ಕೊಡ ಎತ್ತಿಕೊಂಡು ಆಚೆ ಹೋಗುವ ತನಕ ಕಾದ. ‘ಅಕ್ಕ, ನಿನ್ನೆ ನೀನು ಅಂದಿದ್ದು ಸುಳ್ಳಲ್ಲ,’ ಎಂದ. ‘ಸಾಕಾಗುತ್ತೆ. ಒಂದೊಂದು ದಿನ ಸಾಕಾಗುತ್ತೆ. ಆದರೆ ನೆತ್ತಿಗೇರಿದಾಗ ನಿನ್ನ ಮುಖ ನೋಡೋಕೆ ನನ್ನ ಕೈಲಾಗಲ್ಲ. ಹೆದರಿ ಸಾಯ್ತೀನಿ.’ ಮಾತು ಇಷ್ಟು ಸಣ್ಣದಿತ್ತು. ‘ಗೊತ್ತು,’ ಎಂದಿತು ಯಂತ್ರ, ಅದೇ ದನಿಯಲ್ಲಿ. ಆದರೆ ಕಣ್ಣು ನೋಡಿದರೆ ಅದು ಹಿಂದಿನ ಗೊತ್ತು ಆಗಿರಲಿಲ್ಲ.

ಡಾಕ್ಟರಮ್ಮ ಬಂದಾಗ ಚೀಲ ಇಳಿಸುವ ಮೊದಲೇ ಕೇಳಿದರು: ‘ಏನು ಟೀಚರೇ, ಟ್ಯೂಬ್ ಹಾಕೋಣವಾ ಬೇಡವಾ?’ ಹೌದು ಅಥವಾ ಇಲ್ಲ. ಕಣ್ಣು ಮಾತ್ರ ಇದ್ದಿದ್ದರೆ ಅಕ್ಕ ಮುಚ್ಚುತ್ತಿದ್ದಳು, ಅದು ಅವನಿಗೆ ಖಾತ್ರಿಯಿತ್ತು. ಹೆಬ್ಬೆರಳು ಕದಲಿತು. ಡಾಕ್ಟರಮ್ಮ ಕೈಗಡಿಯಾರ ನೋಡಿದರು, ಆಮೇಲೆ ಕುರ್ಚಿ ಎಳೆದುಕೊಂಡು ಕೂತರು. ಬೆಳಕು ಜಾರಿತು, ನಿಂತಿತು, ಜಾರಿತು. ಅವನು ಬೆರಳಿನಿಂದ ಬೆರಳ ಉಗುರನ್ನು ಉಜ್ಜುತ್ತ ನಿಂತ.

‘ಟ್ಯೂಬ್ ಹಾಕಿದ ಮೇಲೂ ನಾಲಿಗೆ ಮೇಲೆ ಕಾಫಿ ಇಡಬಹುದಾ?’

‘ಕುಡಿಯೋ ಹಾಗಿಲ್ಲ,’ ಎಂದರು ಡಾಕ್ಟರಮ್ಮ, ನಿಧಾನವಾಗಿ. ‘ಆದರೆ ಒಂದು ಹನಿ, ಚಮಚದ ತುದೀಲಿ, ನೆಟ್ಟಗೆ ಕೂರಿಸಿಕೊಂಡು, ರುಚಿಗೆ ಅಂತ. ಅದನ್ನ ಮಾಡಬಹುದು. ಹೇಗೆ ಅಂತ ತೋರಿಸಿಕೊಡ್ತೀನಿ. ಅದೇ ಯೋಚನೆಯಾಗಿತ್ತಾ ನಿಮಗೆ?’

‘ಅದೊಂದೇ,’ ಎಂದಳು ಅಕ್ಕ. ಆಮೇಲೆ, ‘ಹಾಗಾದ್ರೆ ಹಾಕಿ.’

ಅಷ್ಟೇ. ಅವನು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ಮುಖ ತೊಳೆದುಕೊಂಡ, ಮತ್ತೆ ತೊಳೆದುಕೊಂಡ. ಒಂದು ಹನಿ ಕಾಫಿ. ಇಷ್ಟು ದಿನ ಅವರಿಬ್ಬರೂ ಸಾವು ಬದುಕು, ಋಣ, ಹಟ ಎಂದು ಏನೇನೋ ಹೊತ್ತು ಒದ್ದಾಡಿದ್ದು ಈ ಒಂದು ಪ್ರಶ್ನೆಯನ್ನು ಯಾರೂ ಕೇಳದ್ದಕ್ಕೆ. ಡಾಕ್ಟರಮ್ಮ ದಿನ ಗೊತ್ತುಮಾಡಿ ಹೋದರು. ಸ್ವಲ್ಪ ಹೊತ್ತಿಗೆ ದಾದಿಯೂ ಮಾರುಕಟ್ಟೆಗೆಂದು ಹೊರಟಳು. ಆಗ ಅವನಿಗೆ ಹೊಟ್ಟೆಯ ನೆನಪಾಯಿತು, ಬೆಳಿಗ್ಗೆಯಿಂದ ನೀರು ಬಿಟ್ಟು ಏನೂ ಇಳಿದಿರಲಿಲ್ಲ. ಪಾತ್ರೆಯ ಅನ್ನ ಬಿಸಿ ಮಾಡಿ ಬಡಿಸಿಕೊಂಡು, ಎಂದಿನಂತೆ ಅಡುಗೆಮನೆಯ ಬಾಗಿಲನ್ನು ಓರೆಮಾಡಿ, ಕಟ್ಟೆಗೆ ಒರಗಿ ನಿಂತ. ಅಕ್ಕನಿಗೆ ನುಂಗುವುದು ಕಷ್ಟವಾದಂದಿನಿಂದ ಅವನು ಅವಳ ಎದುರು ಕೂತು ಉಂಡಿರಲಿಲ್ಲ. ಸದ್ದಾಗದಂತೆ, ಕಳ್ಳನ ಹಾಗೆ, ನಿಂತೇ ಮುಗಿಸುತ್ತಿದ್ದ.

‘ಪುಟ್ಟಾ,’ ಎಂದಿತು ಯಂತ್ರ, ಕೋಣೆಯಿಂದ.

ತಟ್ಟೆ ಹಿಡಿದೇ ಬಾಗಿಲಿಗೆ ಬಂದ. ಬೆಳಕು ಇನ್ನೂ ಜಾರುತ್ತಿತ್ತು. ಅವನು ತಲೆ ತಗ್ಗಿಸಿ ಕಾದ. ತಟ್ಟೆಯ ಬಿಸಿ ಬೆರಳಿಗೆ ತಾಗುತ್ತಿತ್ತು, ಆದರೂ ಅವಸರವೆನ್ನಿಸಲಿಲ್ಲ.

‘ಅಲ್ಲಿ ಕದ್ದು ತಿನ್ಬೇಡ. ಇಲ್ಲಿ ಬಂದು ಕೂತು ತಿನ್ನು. ವಾಸನೆ ನನಗೂ ಬರ್ಲಿ.’

ಅವನು ಕುರ್ಚಿಯನ್ನು ಮಂಚಕ್ಕೆ ತಾಗಿಸಿ ಕೂತ. ಮೊದಲ ತುತ್ತು ಬಾಯಿಗಿಟ್ಟ. ಅಕ್ಕನ ಮೂಗಿನ ಹೊಳ್ಳೆಗಳು ತುಸು ಅರಳಿದವು. ಇನ್ನೊಂದು ಸಲ ಟಕ್ ಟಕ್ ಕೇಳಿಸಿತು, ನಡುನಡುವೆ ನಿಂತು, ದಣಿದ ಬೆರಳಿನದು. ‘ಬೆಳಿಗ್ಗೆ ಮಾತಿಲ್ದೆ ನನಗೂ ಆರಾಮಾಗಿತ್ತು. ಯಾರೂ ನನ್ನ ಉತ್ತರ ಕಾಯ್ತಿರ್ಲಿಲ್ಲ. ತುರಿಕೆ ಒಂದು ಬಿಟ್ಟರೆ. ಈಗ ಆರಿಸು ಇದನ್ನ.’

ಅವನು ಎದ್ದು, ಪ್ರೋಗ್ರಾಮನ್ನು ಮುಚ್ಚಿ, ಕಂಪ್ಯೂಟರು ತಾನಾಗಿ ಕಣ್ಣು ಮುಚ್ಚುವ ತನಕ ಕೈ ಕಟ್ಟಿ ನಿಂತ. ಡ್ರೈವಿನ ಗುಂಯ್ ಇಳಿಯುತ್ತ ಇಳಿಯುತ್ತ ನಿಂತುಹೋಯಿತು. ಮತ್ತೆ ಬಂದು ಕುರ್ಚಿಯಲ್ಲಿ ಕೂತು, ತಟ್ಟೆಯನ್ನು ಮಡಿಲಿಗೆ ಎಳೆದುಕೊಂಡು, ಸದ್ದು ಮಾಡುತ್ತಲೇ ಉಣ್ಣತೊಡಗಿದ.